ವಿಶ್ವವಿದ್ಯಾಲಯದ ಆವರಣದಲ್ಲಿ ನೀರಿನ ಲೆಕ್ಕ ಯಾರ ಬಳಿ ಇದೆ?

ಹೊಂಗೆನೆರಳು (ಅಧ್ಯಾಪಕಿ, ಬೆಂಗಳೂರು)

ನಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯಗಳಲ್ಲಿ ಪ್ರತಿ ನಲ್ಲಿಯ ಮೇಲೂ ‘ನೀರನ್ನು ಮಿತವಾಗಿ ಬಳಸಿ’ ಎಂಬ ಚೀಟಿ ಅಂಟಿದೆ. ಆಡಳಿತ ಕಚೇರಿಯ ಎದುರಿನ ಹುಲ್ಲುಹಾಸಿನಲ್ಲಿ ಮಾತ್ರ ಏಪ್ರಿಲ್ ತಿಂಗಳ ನಡು ಮಧ್ಯಾಹ್ನದಲ್ಲೂ ಸ್ಪ್ರಿಂಕ್ಲರ್ ತಿರುಗುತ್ತಿರುತ್ತದೆ. ಇವೆರಡರಲ್ಲಿ ಯಾವುದರ ಖರ್ಚು ಹೆಚ್ಚು ಎಂದು ತಿಳಿಯಲು ಸಣ್ಣದೊಂದು ಲೆಕ್ಕ ಹಾಕಿದೆ. ಅದನ್ನು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಭಾರತೀಯ ಮಾನಕ ಬ್ಯೂರೋದ ನಿಯಮಾವಳಿಯ ಪ್ರಕಾರ ವಿದ್ಯಾರ್ಥಿನಿಲಯದಲ್ಲಿ ವಾಸಿಸುವ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕು. ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ 45 ಲೀಟರ್ ಸಾಕು. ಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿ ಉಳಿಯಬೇಕಾದರೆ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಕೊಡಬೇಕಾಗುತ್ತದೆ, ಒಂದು ಎಕರೆಗೆ ಅದು ಸುಮಾರು 20,000 ಲೀಟರ್ ಆಗುತ್ತದೆ. ಅಂದರೆ ಏಪ್ರಿಲ್ ತಿಂಗಳಲ್ಲಿ ಒಂದೆಕರೆ ಹುಲ್ಲು ಒಂದು ದಿನಕ್ಕೆ ಹೀರುವ ನೀರು 150 ವಿದ್ಯಾರ್ಥಿಗಳ ಸ್ನಾನ, ಬಟ್ಟೆ, ಊಟ, ಶೌಚ ಎಲ್ಲಕ್ಕೂ ಸಾಲುತ್ತದೆ. ಬಿಸಿಲಿಗೆ, ಗಾಳಿಗೆ ಆರಿಹೋಗುವ ಭಾಗವನ್ನು ನಾನು ಸೇರಿಸಿಲ್ಲ.

2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ತೋಟಕ್ಕೆ ಹಾಯಿಸುವುದನ್ನೂ ವಾಹನ ತೊಳೆಯುವುದನ್ನೂ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿತು, ದೊಡ್ಡ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಧಾರೆ ತಗ್ಗಿಸುವ ಜಾಲರಿ) ಕಡ್ಡಾಯ ಮಾಡಿತು. ಆಗ ಎಲ್ಲ ಕ್ಯಾಂಪಸ್‌ಗಳಲ್ಲೂ ಸಭೆಗಳು ನಡೆದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು; ಸಭೆಗಳ ಬಿಸಿಯೂ ಅಲ್ಲಿಗೆ ಆರಿತು. ಆ ಸಭೆಗಳಲ್ಲಿ ಯಾರೂ ಉತ್ತರಿಸದ ಪ್ರಶ್ನೆಯನ್ನು ನಾನು ಇಲ್ಲಿ ಕೇಳುತ್ತೇನೆ: ನಿಮ್ಮ ಆವರಣದಲ್ಲಿ ಯಾವ ಕಟ್ಟಡಕ್ಕೆ ಎಷ್ಟು ನೀರು ಹೋಗುತ್ತದೆ ಎಂಬುದನ್ನು ಬರೆದಿಡುವ ಒಬ್ಬ ವ್ಯಕ್ತಿ ಇದ್ದಾರೆಯೇ?

ಪಂಪ್‌ಹೌಸ್ (ನಿವೃತ್ತ ಕಿರಿಯ ಎಂಜಿನಿಯರ್)

ಮೇಡಂ, ನಾನು ಒಂದು ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗದಲ್ಲಿ ನೀರು ಸರಬರಾಜು ನೋಡಿಕೊಂಡು ನಿವೃತ್ತನಾದವನು. ನಾನು ಕಂಡ ಮಟ್ಟಿಗೆ, ಅಂಥ ವ್ಯಕ್ತಿ ಇಲ್ಲ.

ಸಾಮಾನ್ಯವಾಗಿ ಇರುವುದು ಗೇಟಿನ ಬಳಿಯ ಒಂದೇ ಮೀಟರ್, ಅದೂ ಜಲಮಂಡಳಿಯು ತನ್ನ ಬಿಲ್ಲಿಗಾಗಿ ಹಾಕಿದ್ದು. ಕೊಳವೆಬಾವಿಗಳಿಗೆ ಮೀಟರ್ ಇರುವುದಿಲ್ಲ. ಅಲ್ಲಿ ಲೆಕ್ಕವೆಂದರೆ ಪಂಪ್ ಎಷ್ಟು ಗಂಟೆ ಓಡಿತು ಎಂಬ ಅಂದಾಜು ಮಾತ್ರ, ಅಂತರ್ಜಲ ಇಳಿದಂತೆ ಅದೇ ಗಂಟೆಗೆ ಬರುವ ನೀರು ಕಡಿಮೆಯಾಗುವುದರಿಂದ ಆ ಅಂದಾಜೂ ನಿಲ್ಲುವುದಿಲ್ಲ. ಟ್ಯಾಂಕರ್ ಬಂದರೆ ಚೀಟಿಯ ಮೇಲೆ ಸಹಿಯಾಗುತ್ತದೆ. ಈ ಮೂರೂ ಲೆಕ್ಕಗಳು ಮೂರು ಕಡತಗಳಲ್ಲಿ ಇರುತ್ತವೆ, ಒಟ್ಟು ಕೂಡಿಸುವವರು ಇಲ್ಲ. ಹುಲ್ಲುಹಾಸು ತೋಟಗಾರಿಕೆಯವರದು, ಹಾಸ್ಟೆಲ್ ವಾರ್ಡನ್ನರದು, ಪೈಪು ನಮ್ಮದು, ಬಿಲ್ಲು ಹಣಕಾಸು ಅಧಿಕಾರಿಯದು. ಜಮಾ-ಖರ್ಚಿನ ಪುಸ್ತಕವೇ ಇಲ್ಲದ ಅಂಗಡಿಯಲ್ಲಿ ಗಿರಾಕಿಗೆ ಉಳಿತಾಯದ ಪಾಠ ಹೇಳಿದ ಹಾಗಾಗುತ್ತದೆ ನಿಮ್ಮ ಚೀಟಿ.

ವಿದ್ಯಾರ್ಥಿಗಳ ಕೈಯಲ್ಲಿ ಪೋಲಾಗುವ ನೀರಿಗಿಂತ ಅವರ ಕಣ್ಣಿಗೆ ಬೀಳದೆ ಪೋಲಾಗುವ ನೀರು ಹೆಚ್ಚು ಎಂದು ನನಗೆ ಅನುಭವದಿಂದ ಅನ್ನಿಸಿದೆ. ತಾರಸಿಯ ಟ್ಯಾಂಕಿನ ಫ್ಲೋಟ್ ವಾಲ್ವ್ ಕೆಟ್ಟರೆ ರಾತ್ರಿಯಿಡೀ ತುಂಬಿ ಹರಿಯುತ್ತದೆ, ಅದು ಮಳೆನೀರಿನ ಕೊಳವೆಯಲ್ಲೇ ಇಳಿಯುವುದರಿಂದ ನೆಲ ಒದ್ದೆಯಾಗದೆ ಯಾರಿಗೂ ಗೊತ್ತಾಗುವುದಿಲ್ಲ. ಸೆಕೆಂಡಿಗೊಂದು ಹನಿ ಬೀಳುವ ನಲ್ಲಿ ದಿನಕ್ಕೆ ಸುಮಾರು 20 ಲೀಟರ್ ಕಳೆಯುತ್ತದೆ, ಅದನ್ನು ಕಂಡವರು ದೂರು ಕೊಡುತ್ತಾರೆ. ಶೌಚಾಲಯದ ಫ್ಲಶ್ ಟ್ಯಾಂಕಿನ ಒಳವಾಷರ್ ಸವೆದರೆ ದಿನಕ್ಕೆ ನೂರಾರು ಲೀಟರ್ ಸದ್ದಿಲ್ಲದೆ ಹೋಗುತ್ತದೆ, ಅದರ ಬಗ್ಗೆ ದೂರು ಬಂದದ್ದು ನನಗೆ ನೆನಪಿಲ್ಲ. ಬಟ್ಟೆಗೆ ಹಾಕುವ ನೀಲಿಯ ನಾಲ್ಕು ಹನಿಯನ್ನು ಫ್ಲಶ್ ಟ್ಯಾಂಕಿಗೆ ಬಿಟ್ಟು ಅರ್ಧ ಗಂಟೆ ಯಾರೂ ಬಳಸದಂತೆ ನೋಡಿಕೊಂಡರೆ ಸಾಕು. ಕೆಳಗಿನ ಪಿಂಗಾಣಿಯಲ್ಲಿ ಬಣ್ಣ ಕಂಡರೆ ವಾಷರ್ ಹೋಗಿದೆ ಎಂದು ಅರ್ಥ.

ಹಳೇ ವಾರ್ಡನ್

ಏರೇಟರ್ ಪ್ರಸ್ತಾಪ ಬಂದಿದ್ದರಿಂದ ಒಂದು ಮಾತು. ನಮ್ಮ ಹಾಸ್ಟೆಲಿನಲ್ಲೂ ಆ ವರ್ಷ ಎಲ್ಲ ನಲ್ಲಿಗಳಿಗೂ ಹಾಕಿಸಿದರು. ಸಿಂಕ್‌ನಲ್ಲಿ ಕೈ ತೊಳೆಯುವಾಗ, ಹಲ್ಲುಜ್ಜುವಾಗ ಅದರಿಂದ ನಿಜವಾದ ಉಳಿತಾಯವಿದೆ, ಏಕೆಂದರೆ ಅಲ್ಲಿ ನಲ್ಲಿ ಇಷ್ಟು ಹೊತ್ತು ತೆರೆದಿರುತ್ತದೆ ಎಂಬುದೇ ಖರ್ಚು. ಸ್ನಾನದ ಮನೆಯಲ್ಲಿ ನಮ್ಮ ಹುಡುಗರು ಬಕೆಟ್ ತುಂಬಿಸಿಕೊಳ್ಳುತ್ತಾರೆ. ಬಕೆಟ್ಟಿಗೆ ಹಿಡಿಯುವುದು 20 ಲೀಟರ್ ಎಂದ ಮೇಲೆ ಏರೇಟರ್ ಇದ್ದರೂ 20 ಲೀಟರ್, ಇಲ್ಲದಿದ್ದರೂ 20 ಲೀಟರ್; ತುಂಬುವ ಸಮಯ ಮಾತ್ರ ಹೆಚ್ಚುತ್ತದೆ. ಎಂಟೂವರೆಯ ತರಗತಿಗೆ ಓಡುವವರು ಅದನ್ನು ಎಷ್ಟು ದಿನ ಸಹಿಸಿಯಾರು? ಕೊಳವೆಬಾವಿಯ ಗಡಸು ನೀರಿಗೆ ಜಾಲರಿಯಲ್ಲಿ ಬಿಳಿ ಉಪ್ಪು ಕಟ್ಟಿಕೊಂಡು ಧಾರೆ ಇನ್ನೂ ಸಣ್ಣದಾಯಿತು, ಒಂದೊಂದಾಗಿ ಎಲ್ಲವೂ ಬಿಚ್ಚಿಹೋದವು. ಆದೇಶದ ಪಾಲನಾ ವರದಿಯಲ್ಲಿ ಅವು ಇಂದಿಗೂ ಇವೆ.

ಅಲ್ಲದೆ ಬಕೆಟ್ ಮತ್ತು ಚೊಂಬಿನ ಸ್ನಾನವೇ ನಮ್ಮ ಹಾಸ್ಟೆಲುಗಳ ಬಹು ದೊಡ್ಡ ಜಲಸಂರಕ್ಷಣೆ ಎಂದು ನನ್ನ ಅಭಿಪ್ರಾಯ. ಹೊಸ ಕಟ್ಟಡಗಳಲ್ಲಿ ಶವರ್ ಹಾಕಿಸುವ ಉತ್ಸಾಹವನ್ನು ಯಾರಾದರೂ ತಡೆಯಬೇಕು: ನಿಮಿಷಕ್ಕೆ 10 ಲೀಟರ್ ಸುರಿಯುವ ಶವರಿನ ಕೆಳಗೆ ಎರಡೇ ನಿಮಿಷ ನಿಂತರೆ ಒಂದು ಬಕೆಟ್ ಮುಗಿಯುತ್ತದೆ.

ಎರಡನೇ ಮಹಡಿ (ವಿದ್ಯಾರ್ಥಿನಿ, ಹಾಸ್ಟೆಲ್ ಸಮಿತಿ)

ಚರ್ಚೆ ಇಲ್ಲಿಯವರೆಗೆ ಒಳ್ಳೆಯ ದಾರಿಯಲ್ಲಿದೆ, ಆದರೆ ಉಳಿತಾಯದ ಹೆಸರಿನಲ್ಲಿ ಕ್ಯಾಂಪಸ್‌ಗಳಲ್ಲಿ ಮೊದಲು ನಡೆಯುವ ಕೆಲಸವನ್ನು ಯಾರೂ ಹೇಳಿಲ್ಲ. ಅದು ಗಂಟೆಗಳ ಲೆಕ್ಕದಲ್ಲಿ ನೀರು ಬಿಡುವುದು. ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಆರರಿಂದ ಎಂಟು ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಿ ಮುಖ್ಯ ವಾಲ್ವ್ ಮುಚ್ಚುತ್ತಾರೆ. ಇದರಿಂದ ನೀರು ಉಳಿಯುತ್ತದೆ ಎಂಬುದು ನನಗೆ ಸಂದೇಹ. ಪ್ರತಿ ಕೋಣೆಯಲ್ಲೂ ಎರಡು ಬಕೆಟ್ ತುಂಬಿಸಿಡುತ್ತೇವೆ, ಮರುದಿನ ಹೊಸ ನೀರು ಬಂದಾಗ ಹಳೆಯದನ್ನು ಚೆಲ್ಲುತ್ತೇವೆ. ನೀರಿಲ್ಲದ ಹೊತ್ತಿನಲ್ಲಿ ತಿರುಗಿಸಿ ಮರೆತ ನಲ್ಲಿಗಳು ಆರು ಗಂಟೆಗೆ ಒಟ್ಟಿಗೆ ಸುರಿಯುತ್ತವೆ.

ಮುಟ್ಟಿನ ದಿನಗಳಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಶೌಚಾಲಯದಲ್ಲಿ ನೀರಿಲ್ಲ ಎಂದರೆ ಏನು ಎಂಬುದನ್ನು ಆ ವೇಳಾಪಟ್ಟಿ ಬರೆದವರು ಯೋಚಿಸಿದಂತೆ ಕಾಣಲಿಲ್ಲ. ಹಾಸ್ಟೆಲಿಗೆ 135 ಲೀಟರ್ ಎಂಬ ಅಳತೆ ಇದ್ದರೆ ಅದು ನಮ್ಮ ಹಕ್ಕಿನ ಅಳತೆಯೂ ಹೌದು. ಮೊದಲು ಹುಲ್ಲುಹಾಸು, ಸೋರಿಕೆ, ತುಂಬಿ ಹರಿಯುವ ಟ್ಯಾಂಕು ಇವುಗಳ ಲೆಕ್ಕ ತೋರಿಸಿ, ಆಮೇಲೆ ನಮ್ಮ ಬಕೆಟ್ ಎಣಿಸಿ ಎಂದು ಹಾಸ್ಟೆಲ್ ಸಮಿತಿಯಿಂದ ಮನವಿ ಕೊಟ್ಟಿದ್ದೇವೆ. ಉತ್ತರ ಬಂದಿಲ್ಲ.

ಸಿವಿಲ್ ಆರನೇ ಸೆಮಿಸ್ಟರ್

ಮಳೆನೀರು ಸಂಗ್ರಹದ ಮಾತು ಇನ್ನೂ ಬಂದಿಲ್ಲವಲ್ಲ ಎಂದು ಆಶ್ಚರ್ಯವಾಯಿತು. ಬೆಂಗಳೂರಿನಲ್ಲಿ 2009ರಿಂದ ಅದು ಕಡ್ಡಾಯ. ಜಯನಗರದಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಸಂಗ್ರಹ ಥೀಮ್ ಪಾರ್ಕ್ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ ಅವರು 1995ರಿಂದ ತಮ್ಮ ಮನೆಯನ್ನು ಮಳೆನೀರಿನಲ್ಲೇ ನಡೆಸಿ ತೋರಿಸಿದ್ದಾರೆ. ಮನೆಗೆ ಸಾಲುವುದು ಹಾಸ್ಟೆಲಿಗೆ ಸಾಲುತ್ತದೆಯೇ ಎಂದು ತಿಳಿಯಲು ನಾನೂ ಲೆಕ್ಕ ಮಾಡಿದೆ.

1,000 ಚದರ ಮೀಟರ್ ತಾರಸಿ, ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ, ಅದರಲ್ಲಿ ಐದನೇ ಒಂದು ಭಾಗ ನಷ್ಟ ಎಂದು ಹಿಡಿದರೆ ಕೈಗೆ ಸಿಗುವುದು ಸುಮಾರು ಏಳೂಮುಕ್ಕಾಲು ಲಕ್ಷ ಲೀಟರ್. ಆ ತಾರಸಿಯ ಕೆಳಗಿನ ಮಹಡಿಗಳಲ್ಲಿ 200 ಜನ ಇದ್ದರೆ ಅವರ ದಿನದ ಅಗತ್ಯ 27,000 ಲೀಟರ್. ಭಾಗಿಸಿದರೆ ವರ್ಷದ ಇಡೀ ಮಳೆ ಒಂದು ತಿಂಗಳಿಗೆ ಮುಗಿಯುತ್ತದೆ. ಮನೆಯಲ್ಲಿ ತಾರಸಿ ದೊಡ್ಡದು, ಜನ ಕಡಿಮೆ. ಹಾಸ್ಟೆಲಿನಲ್ಲಿ ಮಹಡಿಯ ಮೇಲೆ ಮಹಡಿ ಏರಿದಷ್ಟೂ ತಲೆಗೆ ಸಿಗುವ ಮಳೆ ಕಡಿಮೆಯಾಗುತ್ತದೆ. ಗ್ರಂಥಾಲಯ, ಪ್ರಯೋಗಾಲಯ, ಸಭಾಂಗಣಗಳಂಥ ಅಗಲವಾದ, ನೀರಿನ ಬಳಕೆ ಕಡಿಮೆಯಿರುವ ಕಟ್ಟಡಗಳ ತಾರಸಿಯಿಂದ ಹಿಡಿದು ಹಾಸ್ಟೆಲಿಗೆ ಕೊಡುವುದೇ ಸರಿಯಾದ ಯೋಜನೆ, ಆದರೆ ಪ್ರತಿ ಕಟ್ಟಡಕ್ಕೂ ಪ್ರತ್ಯೇಕ ಗುಂಡಿ ತೋಡುವುದೇ ರೂಢಿಯಾಗಿದೆ.

ಅದಕ್ಕಿಂತ ದೊಡ್ಡ ಮೂಲ ಇನ್ನೊಂದಿದೆ. ಹಾಸ್ಟೆಲಿನ 135 ಲೀಟರ್‌ನಲ್ಲಿ 45 ಲೀಟರ್ ಫ್ಲಶ್ಶಿಗೆ ಎಂದು ನಿಯಮಾವಳಿಯೇ ಹೇಳುತ್ತದೆ. ಅದೇ 200 ಜನರಿಗೆ ಇದು ದಿನಕ್ಕೆ 9,000 ಲೀಟರ್. ಹಾಸ್ಟೆಲ್ ತೆರೆದಿರುವ 300 ದಿನಗಳಿಗೆ 27 ಲಕ್ಷ ಲೀಟರ್. ಕೊಳಚೆ ನೀರನ್ನೇ ಸಂಸ್ಕರಿಸಿ ಫ್ಲಶ್ಶಿಗೆ ಕೊಟ್ಟರೆ ತಾರಸಿಯ ಮಳೆಯ ಮೂರು ಪಟ್ಟಿಗಿಂತ ಹೆಚ್ಚು ಉಳಿಯುತ್ತದೆ. ಮಳೆಕೊಯ್ಲಿನ ಫೋಟೋ ಚೆನ್ನಾಗಿ ಬರುತ್ತದೆ, ಕೊಳಚೆ ಘಟಕದ ಫೋಟೋ ಬರುವುದಿಲ್ಲ ಎಂಬುದೊಂದೇ ಕಷ್ಟ.

ಮುರಕಲ್ಲು (ಕೋಣಾಜೆ)

ಬೆಂಗಳೂರಿನವರ ಲೆಕ್ಕ ಓದಿ ನಮ್ಮ ಕಡೆಯದನ್ನು ಹೇಳಬೇಕೆನಿಸಿತು. ಮಂಗಳೂರು ವಿಶ್ವವಿದ್ಯಾಲಯವಿರುವ ಕೋಣಾಜೆಯ ಗುಡ್ಡದ ಮೇಲೆ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಎಂದರೆ ನಿಮ್ಮದರ ಮೂರೂವರೆ ಪಟ್ಟು. ಹಾಗಿದ್ದೂ ಈ ಸೀಮೆಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ನೀರಿಗೆ ಪರದಾಟವಿರುತ್ತದೆ. ನೇತ್ರಾವತಿಯ ತುಂಬೆ ಅಣೆಕಟ್ಟಿನಲ್ಲಿ ಮಟ್ಟ ಇಳಿದ ವರ್ಷಗಳಲ್ಲಿ ಮಂಗಳೂರು ನಗರಕ್ಕೇ ಪಾಳಿಯ ಮೇಲೆ ನೀರು ಬಿಟ್ಟಿದ್ದಾರೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ, ಮುರಕಲ್ಲಿನ (ತೂತುತೂತಾದ ಕೆಂಪು ಕಲ್ಲಿನ) ನೆಲ ನೀರನ್ನು ಬೇಗ ಹೀರಿ ಬೇಗ ಇಳಿಜಾರಿಗೆ ಬಿಟ್ಟುಕೊಡುತ್ತದೆ.

ಆದ್ದರಿಂದ ಬಯಲುಸೀಮೆಯ ಇಂಗುಗುಂಡಿಯ ನಕ್ಷೆಯನ್ನು ಹಾಗೆಯೇ ತಂದು ನಮ್ಮ ಗುಡ್ಡದಲ್ಲಿ ತೋಡಿದರೆ ಬೇಸಿಗೆಗೆ ಅದು ಉಳಿಯುತ್ತದೆ ಎಂಬ ಭರವಸೆ ಇಲ್ಲ. ಕಡಿದಾದ ಜಾಗದಲ್ಲಿ ತೋಡಿದರೆ ಗುಡ್ಡ ಜಾರುವ ಭಯವೂ ಇದೆ. ನಮ್ಮ ಹಿರಿಯರು ಗುಡ್ಡದ ತಗ್ಗುಗಳಿಗೆ ಏರಿ ಕಟ್ಟಿ ಮದಕಗಳನ್ನು ಮಾಡುತ್ತಿದ್ದರು, ಗುಡ್ಡದ ಒಡಲಿಗೆ ಸುರಂಗ ಕೊರೆದು ಒಸರನ್ನು ಹೊರಗೆ ತರುತ್ತಿದ್ದರು. ಮದಕದಲ್ಲಿ ನಿಂತ ನೀರು ತಿಂಗಳುಗಟ್ಟಲೆ ನಿಧಾನವಾಗಿ ಇಂಗುವುದರಿಂದ ಕೆಳಗಿನ ಬಾವಿಗಳಲ್ಲಿ ನೀರು ತಡವಾಗಿ ಇಳಿಯುತ್ತದೆ. ಕರಾವಳಿಯ ಯಾವುದೇ ಕಾಲೇಜು ಹೊಸ ಕ್ರೀಡಾಂಗಣಕ್ಕಾಗಿ ಗುಡ್ಡ ಸಮತಟ್ಟು ಮಾಡುವ ಮೊದಲು ಅಲ್ಲಿ ಹಳೆಯ ಮದಕ ಇತ್ತೇ ಎಂದು ಊರಿನವರನ್ನು ಕೇಳುವುದು ಒಳ್ಳೆಯದು.

ಕುಕ್ಕರಹಳ್ಳಿ ಏರಿ (ಮೈಸೂರು)

ಮದಕದ ಮಾತು ಕೇಳಿ ಮಾನಸಗಂಗೋತ್ರಿಯ ಪಕ್ಕದ ಕುಕ್ಕರಹಳ್ಳಿ ಕೆರೆಯನ್ನು ನೆನೆಯದೆ ಇರಲಾಗದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದ ಕೆರೆ ಅದು; ಈಗ ಮೈಸೂರು ವಿಶ್ವವಿದ್ಯಾಲಯದ ಸುಪರ್ದಿಯಲ್ಲಿದೆ. ಕುವೆಂಪು ಅವರು ಇಟ್ಟ ಹೆಸರಿನ ಆವರಣಕ್ಕೆ ಅಂಟಿಕೊಂಡು ಇಷ್ಟು ದೊಡ್ಡ ಕೆರೆ ಇರುವುದು ಭಾಗ್ಯವೇ ಸರಿ, ಆದರೆ ಕೆರೆಗೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆಯ ಹಾದಿಯಲ್ಲಿ ಊರು ಬೆಳೆದಿದೆ. ಬೇಲಿಯೊಳಗೆ ನಾವು ಎಷ್ಟೇ ಶಿಸ್ತಿನಿಂದ ಇದ್ದರೂ ಜಲಾನಯನ ಬೇಲಿಯ ಹೊರಗಿದೆ.

ಊರೊಳಗಿನ ಕೆರೆಗಳ ಸಂಕಟವೇ ಇದು: ಕೊಳಚೆ ತಡೆದರೆ ಕೆರೆ ತಗ್ಗುತ್ತದೆ, ತಡೆಯದಿದ್ದರೆ ಕೊಳೆಯುತ್ತದೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಸಂಸ್ಕರಣಾ ಘಟಕದ ನೀರನ್ನು ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆ ತುಂಬಿಸುತ್ತಾರೆ, ಮೀನುಗಾರಿಕೆಯೂ ನಡೆಯುತ್ತದೆ. ವಿಶ್ವವಿದ್ಯಾಲಯಗಳು ತಮ್ಮ ಹಾಸ್ಟೆಲಿನ ಸಂಸ್ಕರಿಸಿದ ನೀರಿಗೆ ಇಂಥದೊಂದು ಚಿಕ್ಕ ಜೌಗು ಮಾಡಿಕೊಂಡರೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ವಿಭಾಗಗಳಿಗೂ ಕೆಲಸವಾಗುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯ ಮಗ್ಗುಲಲ್ಲೇ ವೃಷಭಾವತಿ ಹರಿಯುತ್ತದೆ. ಆ ನದಿಯ ಸ್ಥಿತಿಯನ್ನು ವಿದ್ಯಾರ್ಥಿಗಳಿಗೆ ಪಾಠದಲ್ಲಿ ಹೇಳುವ ಅಗತ್ಯವಿಲ್ಲ, ವಾಸನೆಯೇ ಹೇಳುತ್ತದೆ.

ಪಂಪ್‌ಹೌಸ್

ಸಿವಿಲ್ ವಿದ್ಯಾರ್ಥಿಯ ಲೆಕ್ಕ ಸರಿಯಾಗಿದೆ, ಆದರೆ ಕ್ಯಾಂಪಸ್ಸಿನ ಸಂಸ್ಕರಣಾ ಘಟಕಕ್ಕೆ ಅಪಾರ್ಟ್‌ಮೆಂಟಿನ ಘಟಕಕ್ಕಿಲ್ಲದ ಒಂದು ತೊಂದರೆ ಇದೆ ಎಂಬುದನ್ನು ತಿಳಿಸಬೇಕು. ಘಟಕದಲ್ಲಿ ಕೆಲಸ ಮಾಡುವುದು ಯಂತ್ರವಲ್ಲ, ಸೂಕ್ಷ್ಮಜೀವಿಗಳು. ಅವಕ್ಕೆ ಗಾಳಿಯೂ ಬೇಕು, ಆಹಾರವೂ ಬೇಕು. ಆಹಾರವೆಂದರೆ ನಮ್ಮ ಕೊಳಚೆಯೇ. ಸೆಮಿಸ್ಟರ್ ಮುಗಿದು ಹಾಸ್ಟೆಲ್ ಖಾಲಿಯಾದಾಗ ಅವು ಉಪವಾಸ ಬಿದ್ದು ಸಾಯುತ್ತವೆ. ರಜೆ ಮುಗಿಸಿ ಎಲ್ಲರೂ ಒಂದೇ ವಾರದಲ್ಲಿ ಮರಳಿದಾಗ ಪೂರ್ತಿ ಕೊಳಚೆ ಒಮ್ಮೆಗೇ ಬರುತ್ತದೆ, ತಿನ್ನುವ ಜೀವಿಗಳಿರುವುದಿಲ್ಲ. ಮೊದಲ ಎರಡು ಮೂರು ವಾರ ನೀರು ನಾರುತ್ತದೆ, ಫ್ಲಶ್‌ನಲ್ಲಿ ಆ ವಾಸನೆ ಬಂದದ್ದೇ ದೂರು ಹೋಗುತ್ತದೆ, ಮೇಲಿನವರು ಘಟಕವನ್ನು ಬೈಪಾಸ್ ಮಾಡಿಸುತ್ತಾರೆ. ಒಮ್ಮೆ ಬೈಪಾಸ್ ಆದದ್ದು ಮತ್ತೆ ತೆರೆಯುವುದು ಅಪರೂಪ.

ರಜೆಯಲ್ಲೂ ಘಟಕಕ್ಕೆ ಗಾಳಿ ಊದುವ ಬ್ಲೋವರನ್ನು ಕಡಿಮೆ ಹೊತ್ತಾದರೂ ಓಡಿಸಬೇಕು. ಹಾಸ್ಟೆಲ್ ತೆರೆಯುವ ಮೊದಲೇ ಸಗಣಿ, ಬೆಲ್ಲ ಹಾಕಿ ಜೀವಿಗಳನ್ನು ಎಬ್ಬಿಸಿಕೊಳ್ಳುವುದು ಘಟಕ ನಡೆಸುವವರಿಗೆ ಗೊತ್ತಿರುವ ವಿದ್ಯೆ. ಮೆಸ್ಸಿನ ನೀರು ಬರುವ ದಾರಿಯಲ್ಲಿ ಜಿಡ್ಡು ತಡೆಯುವ ತೊಟ್ಟಿ ಇರಬೇಕು, ವಾರಕ್ಕೊಮ್ಮೆ ಅದನ್ನು ಬಳಿಯಬೇಕು. ಎಣ್ಣೆ ಒಳಗೆ ಹೋದರೆ ಘಟಕ ಕೆಡುತ್ತದೆ. ಹಳೆಯ ಕಟ್ಟಡಗಳಲ್ಲಿ ಫ್ಲಶ್ಶಿಗೆ ಪ್ರತ್ಯೇಕ ಪೈಪು ಎಳೆಯುವುದು ದುಬಾರಿ. ಅಲ್ಲಿಯವರೆಗೆ ಈ ನೀರನ್ನು ಮೇಡಂ ಹೇಳಿದ ಹುಲ್ಲುಹಾಸಿಗೂ ಮರಗಳಿಗೂ ಕೊಡಿ, ಸ್ಪ್ರಿಂಕ್ಲರಿನಲ್ಲಿ ಮಾತ್ರ ಬೇಡ. ತುಂತುರು ಜನರ ಮೂಗಿಗೆ ಹೋಗುತ್ತದೆ.

ಹೊಂಗೆನೆರಳು

ಇಷ್ಟೊಂದು ವಿವರ ಬರುತ್ತದೆಂದು ನಿರೀಕ್ಷಿಸಿರಲಿಲ್ಲ. ಎರಡು ವಿಷಯ ಸೇರಿಸುತ್ತೇನೆ.

ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದ ಏಳನೇ ಮಾನದಂಡದಲ್ಲಿ ಜಲಸಂರಕ್ಷಣೆಗೆ ಒಂದು ಅಂಶ ಮೀಸಲಾಗಿದೆ: ಮಳೆನೀರು ಸಂಗ್ರಹ, ಬಾವಿಗಳ ಮರುಪೂರಣ, ಕೆರೆ-ಕಟ್ಟೆ, ತ್ಯಾಜ್ಯನೀರಿನ ಮರುಬಳಕೆ, ವಿತರಣಾ ವ್ಯವಸ್ಥೆಯ ನಿರ್ವಹಣೆ ಇವುಗಳಲ್ಲಿ ಏನೇನು ‘ಇದೆ’ ಎಂದು ಅದು ಕೇಳುತ್ತದೆ. ಇದೆ ಎಂದು ತೋರಿಸಲು ಫೋಟೋ ಸಾಕು. ಎಷ್ಟು ಲೀಟರ್ ಉಳಿಯಿತು ಎಂದು ಕೇಳಿದ್ದರೆ ಮೀಟರ್ ತಾನಾಗಿ ಬರುತ್ತಿತ್ತು. ತಂಡ ಬರುವ ವಾರದಲ್ಲಿ ಇಂಗುಗುಂಡಿಗಳಿಗೆ ಸುಣ್ಣ ಬಳಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ, ಒಳಗಿನ ಹೂಳು ತೆಗೆಯುವುದನ್ನು ಕಂಡವರು ಕಡಿಮೆ.

ಎರಡನೆಯದು ಆರ್‌ಒ ಯಂತ್ರ. ಕಾವೇರಿ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಎಂಬ ಮಿತಿಗಿಂತ ಸಾಕಷ್ಟು ಕೆಳಗೇ ಇರುತ್ತದೆ. ಆ ಮಿತಿಯೊಳಗೆ ಇರುವಲ್ಲಿ ಆರ್‌ಒ ಬಳಕೆಯನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದೆ. ಆದರೂ ಕಾವೇರಿ ಸಂಪರ್ಕವಿರುವ ಕಟ್ಟಡಗಳಲ್ಲೂ ಮಹಡಿಗೊಂದು ಆರ್‌ಒ ನಿಂತಿದೆ. ಒಂದು ಲೀಟರ್ ಶುದ್ಧ ನೀರಿಗೆ ಸುಮಾರು ಮೂರು ಲೀಟರ್ ಹೊರಗೆ ಚೆಲ್ಲುವ ಯಂತ್ರದಿಂದ 200 ಜನ ತಲಾ 3 ಲೀಟರ್ ಕುಡಿದರೆ ದಿನಕ್ಕೆ 1,800 ಲೀಟರ್ ಚರಂಡಿ ಸೇರುತ್ತದೆ. ಕೊಳವೆಬಾವಿಯ ನೀರಿಗೆ ಆರ್‌ಒ ಬೇಕೇ ಬೇಕಾದಲ್ಲಿ ಆ ತ್ಯಾಜ್ಯ ನೀರನ್ನು ಒಂದು ಡ್ರಮ್ಮಿಗೆ ಹಿಡಿದರೆ ನೆಲ ಒರೆಸಲು, ಶೌಚಾಲಯ ತೊಳೆಯಲು ಆಗುತ್ತದೆ.

ಸಿವಿಲ್ ಆರನೇ ಸೆಮಿಸ್ಟರ್

ಪಂಪ್‌ಹೌಸ್ ಸರ್, ಮೀಟರ್ ಖರೀದಿಗೆ ಟೆಂಡರ್ ಆಗಬೇಕು, ಅದಕ್ಕೆ ಒಂದು ವರ್ಷ ಹೋಗುತ್ತದೆ. ಅಲ್ಲಿಯವರೆಗೆ ನಮ್ಮ ತರಗತಿಯವರು ಮೀಟರ್ ಇಲ್ಲದೆ ಸೋರಿಕೆ ಅಳೆಯುವ ದಾರಿ ಇದೆಯೇ? ನಮಗೆ ಸಿಗುವುದು ತಾರಸಿಯ ಕೀಲಿಕೈ ಮತ್ತು ಒಂದು ಅಳತೆಪಟ್ಟಿ ಮಾತ್ರ.

ಪಂಪ್‌ಹೌಸ್

ಅಷ್ಟು ಸಾಕಪ್ಪ. ಹಾಸ್ಟೆಲಿನವರೆಲ್ಲ ಮಲಗಿರುವ ಹೊತ್ತು, ರಾತ್ರಿ ಎರಡರಿಂದ ನಾಲ್ಕು ಗಂಟೆಯನ್ನು ಆರಿಸಿಕೊಳ್ಳಿ. ಪರೀಕ್ಷೆಯ ದಿನಗಳು ಬೇಡ, ಆಗ ಯಾರೂ ಮಲಗಿರುವುದಿಲ್ಲ. ಸಂಪಿನಿಂದ ಟ್ಯಾಂಕಿಗೆ ನೀರೇರಿಸುವ ಪಂಪನ್ನು ನಿಲ್ಲಿಸಿ, ಟ್ಯಾಂಕಿಗೆ ಬರುವ ಪೈಪಿನ ವಾಲ್ವ್ ಮುಚ್ಚಿಸಿ. ಟ್ಯಾಂಕಿನ ಉದ್ದ ಅಗಲ ಬರೆದುಕೊಂಡು, ನೀರಿನ ಮಟ್ಟವನ್ನು ರಾತ್ರಿ ಎರಡಕ್ಕೆ ಒಂದು ಸಲ, ನಾಲ್ಕಕ್ಕೆ ಇನ್ನೊಂದು ಸಲ ಅಳೆಯಿರಿ. 5 ಮೀಟರ್ ಉದ್ದ, 4 ಮೀಟರ್ ಅಗಲದ ಟ್ಯಾಂಕಿನಲ್ಲಿ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ 200 ಲೀಟರ್ ಹೋಗಿದೆ ಎಂದು ಲೆಕ್ಕ. ಎದ್ದು ಶೌಚಾಲಯಕ್ಕೆ ಹೋದ ಕೆಲವರ ಬಳಕೆಯನ್ನು ಕಳೆದು ಉಳಿದದ್ದು ಬಹುಮಟ್ಟಿಗೆ ಸೋರಿಕೆಯೇ. ಒಂದು ರಾತ್ರಿಯ ಅಳತೆಯನ್ನು ನಂಬಬೇಡಿ, ಕೆಲವು ರಾತ್ರಿ ಮಾಡಿ.

ಟ್ಯಾಂಕಿನಿಂದ ಕೆಳಗಿಳಿಯುವ ಪೈಪುಗಳಿಗೆ ಬೇರೆ ಬೇರೆ ವಾಲ್ವ್ ಇದ್ದರೆ ಒಂದೊಂದನ್ನೇ ಮುಚ್ಚಿ ಅಳೆದಾಗ ಸೋರಿಕೆ ಯಾವ ಮಗ್ಗುಲಲ್ಲಿದೆ ಎಂಬುದೂ ಸಿಗುತ್ತದೆ. ಯಾವ ವಾಲ್ವ್ ಎಲ್ಲಿಗೆ ಹೋಗುತ್ತದೆ ಎಂಬ ನಕ್ಷೆ ಕಚೇರಿಯಲ್ಲಿ ಸಿಗುವುದಿಲ್ಲ. ದಿನಾ ವಾಲ್ವ್ ತಿರುಗಿಸುವ ನೀರುಗಂಟಿಯ ತಲೆಯಲ್ಲಿದೆ. ಅವನು ಗುತ್ತಿಗೆಯ ನೌಕರ, ಗುತ್ತಿಗೆದಾರ ಬದಲಾದರೆ ಅವನೂ ಹೋಗುತ್ತಾನೆ, ಅವನ ಜೊತೆ ನಕ್ಷೆಯೂ ಹೋಗುತ್ತದೆ. ಅಳತೆಗೆ ಹೋಗುವಾಗ ಅವನನ್ನು ಜೊತೆಗೆ ಕರೆದುಕೊಂಡು ಹೋಗಿ, ಅವನು ಹೇಳಿದ್ದನ್ನು ಕಾಗದದ ಮೇಲೆ ಗೆರೆ ಹಾಕಿ ಇಳಿಸಿಕೊಳ್ಳಿ, ವರದಿಯಲ್ಲಿ ಅವನ ಹೆಸರನ್ನೂ ಬರೆಯಿರಿ. ಎರಡನೇ ಮಹಡಿಯವರ ಮನವಿಗೆ ಆ ಕಾಗದವನ್ನು ಲಗತ್ತಿಸಿ ಮತ್ತೊಮ್ಮೆ ಕೊಟ್ಟರೆ ಕುಲಸಚಿವರ ಕಚೇರಿಯಿಂದ ಉತ್ತರ ಕೇಳಲು ನಿಮಗೆ ಒಂದು ಆಧಾರವಾದರೂ ಸಿಗುತ್ತದೆ.

ಎರಡನೇ ಮಹಡಿ

ಸರ್, ಮಹಿಳಾ ಹಾಸ್ಟೆಲಿನ ತಾರಸಿಗೆ ರಾತ್ರಿ ಎರಡು ಗಂಟೆಗೆ ಹೊರಗಿನವರನ್ನು ಬಿಡುವುದಿಲ್ಲ, ಆದ್ದರಿಂದ ನಮ್ಮ ಕಟ್ಟಡದ ಅಳತೆಯನ್ನು ನಾವೇ ಮಾಡುತ್ತೇವೆ. ವಾಲ್ವ್ ಮುಚ್ಚಿಸುವುದನ್ನು ಸಂಜೆಯೇ ಮುಗಿಸಿಕೊಂಡರೆ ಆಗುತ್ತದೆಯೇ?

ಪಂಪ್‌ಹೌಸ್

ಆಗುತ್ತದೆ, ಆದರೆ ಟ್ಯಾಂಕ್ ತುಂಬಿದ ಮೇಲೆ ಮುಚ್ಚಿಸಿ, ಬೆಳಿಗ್ಗೆ ಐದಕ್ಕೆ ತೆರೆಸುವುದನ್ನು ಮರೆಯಬೇಡಿ. ಮರೆತರೆ ನಿಮ್ಮ ಮನವಿಗೆ ನಿಮ್ಮ ಹಾಸ್ಟೆಲಿನವರೇ ಸಹಿ ಹಾಕುವುದಿಲ್ಲ.